ಅವರ ಭಾಷೆ ಬಾರದೆ ಇಂಗ್ಲಿಷ್ ಹೇಗೆ ಕಲಿಸಿದೆ?

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಸಾಕು, ಪಕ್ಕದವರು ಕೇಳಿಯೇ ಕೇಳುತ್ತಾರೆ. ‘ಅಲ್ಲಮ್ಮ, ಕಾಂಬೋಡಿಯಾದಲ್ಲಿ ಸಂಬಳ ಇಲ್ಲದೆ ಇಂಗ್ಲಿಷ್ ಹೇಳಿಕೊಟ್ಟೆಯಂತೆ. ಅವರ ಭಾಷೆ ನಿನಗೆ ಬರಲ್ಲ, ನಿನ್ನ ಭಾಷೆ ಅವರಿಗೆ ಬರಲ್ಲ. ಅದು ಹೇಗೆ ಕಲಿಸಿದೆ?’ ಅನ್ನಕ್ಕೆ ಸಾರು ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಜ ಹೇಳಿಬಿಡುತ್ತೇನೆ. ಮೊದಲ ತಿಂಗಳು ನಾನು ಏನನ್ನೂ ಕಲಿಸಲಿಲ್ಲ. ಸಿಯೆಮ್ ರೀಪ್ ಪಟ್ಟಣದ ಹೊರಗೆ ಒಂದು ಹಳ್ಳಿ. ತಗಡಿನ ಚಾವಣಿಯ ಒಂದು ಕೋಣೆ, ನಲವತ್ತು ಮಕ್ಕಳು. ನಾನು ‘ಹೌ ಆರ್ ಯೂ’ ಅಂದರೆ ನಲವತ್ತೂ ಜನ ಒಂದೇ ರಾಗದಲ್ಲಿ ‘ಐ ಯಾಮ್ ಫೈನ್ ಥ್ಯಾಂಕ್ಯೂ ಆಂಡ್ ಯೂ’ ಅನ್ನುತ್ತಿದ್ದರು. ‘ನಿನ್ನೆ ಏನು ಮಾಡಿದೆ’ ಅಂತ ಇಂಗ್ಲಿಷಿನಲ್ಲಿ ಕೇಳಿದರೂ ಅದೇ ಉತ್ತರ. ಎಷ್ಟು ಖುಷಿಯಾಗಿ ಹೇಳುತ್ತಿದ್ದರು ಅಂದರೆ ನಾನೂ ನಗುತ್ತಾ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ.

ದಾರಿ ಸಿಕ್ಕಿದ್ದು ವಾರದ ದಿನಗಳ ಪಾಠದಲ್ಲಿ. ಬೋರ್ಡಿನ ಮೇಲೆ ಇಂಗ್ಲಿಷ್ ಹೆಸರು ಬರೆದೆ. ನನ್ನ ಜೊತೆಗಿದ್ದ ಊರಿನ ಮೇಷ್ಟ್ರು ಪಕ್ಕದಲ್ಲಿ ಅವರ ಭಾಷೆಯಾದ ಕೆಮೆರ್‌ನಲ್ಲಿ ಹೆಸರು ಬರೆದು ಓದಿದರು. ಭಾನುವಾರ ‘ಆತಿತ್’, ಸೋಮವಾರ ‘ಚಾನ್’, ಮಂಗಳವಾರ ‘ಅಂಕಿಯ’, ಬುಧವಾರ ‘ಪುತ್’. ಆದಿತ್ಯ, ಚಂದ್ರ, ಅಂಗಾರಕ, ಬುಧ! ಚಾಕ್‌ಪೀಸ್ ಕೈಯಲ್ಲೇ ಉಳಿಯಿತು. ತಿಂಗಳುಗಳಂತೂ ನಮ್ಮ ರಾಶಿಗಳೇ. ಜನವರಿ ಅವರಿಗೆ ‘ಮಕರಾ’, ಏಪ್ರಿಲ್ ‘ಮೇಸಾ’, ಜೂನ್ ‘ಮಿಥೋನಾ’, ಅಕ್ಟೋಬರ್ ‘ತೋಲಾ’. ನನ್ನನ್ನು ಅವರು ಕರೆಯುತ್ತಿದ್ದ ‘ನೆಕ್ ಕ್ರು’ ಅನ್ನುವುದರಲ್ಲಿ ಇದ್ದದ್ದು ಗುರು. ಶಾಲೆಗೆ ‘ಸಾಲಾ’. ನಮ್ಮೂರ ಕಡೆಯೂ ಸಾಲಿ ಅನ್ನುವವರಿದ್ದಾರಲ್ಲ!

ಆವತ್ತು ಸಂಜೆಯಿಂದಲೇ ನಾನು ಕೆಮೆರ್ ಕಲಿಯಲು ಕೂತೆ. ನನ್ನ ಮೇಷ್ಟ್ರು ನಾನಿದ್ದ ಮನೆಯ ಹುಡುಗಿ, ನಾಲ್ಕನೇ ತರಗತಿ. ಅಕ್ಷರದ ಕೆಳಗೆ ಬರುವ ಒತ್ತಿಗೆ ಅವರು ಅಕ್ಷರದ ಕಾಲು ಅನ್ನುತ್ತಾರೆ. ಮೇಲಿನ ಕೊಂಡಿಗೆ ಕೂದಲು. ತಲೆಕಟ್ಟು ಬರೆದು ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಎರಡೂ ಲಿಪಿಗಳ ಮೂಲ ಬ್ರಾಹ್ಮಿಯೇ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಬರೆಯುವುದು ಒಂದು, ಓದುವುದು ಇನ್ನೊಂದು. ಸ್ವರಗಳಲ್ಲಿ ನಾನು ಕೊನೆವರೆಗೂ ಎಡವಿದೆ.

ಇನ್ನು ಉಚ್ಚಾರಣೆ. ಕೆಮೆರ್ ಮಾತಿನಲ್ಲಿ ಪದದ ಕೊನೆಗೆ ‘ಸ್’ ಇದ್ದರೆ ಅದು ‘ಹ್’ ಆಗಿ ಉಸಿರಿನಲ್ಲಿ ಕರಗುತ್ತದೆ. ಮಕ್ಕಳ ಬಾಯಲ್ಲಿ ಬಸ್ ‘ಬಹ್’ ಆಗುತ್ತಿತ್ತು, ರೈಸ್ ‘ರೈ’ ಆಗುತ್ತಿತ್ತು, ಹೌಸ್ ‘ಹೌ’ ಆಗುತ್ತಿತ್ತು. ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ನಮ್ಮ ರೋಗ ಇದಕ್ಕೆ ತದ್ವಿರುದ್ಧ, ಅಲ್ವಾ? ಬಸ್ಸು, ಕಾರು, ಪೆನ್ನು ಅಂತ ಎಲ್ಲದಕ್ಕೂ ಬಾಲ ಕಟ್ಟುತ್ತೇವೆ. ಕಾಲೇಜಿನಲ್ಲಿ ಅದಕ್ಕೆ ನಕ್ಕವರು ಎಷ್ಟು ಜನ! ಇಲ್ಲಿ ಅದೇ ಬಾಲ ಉಪಯೋಗಕ್ಕೆ ಬಂತು. ಮಕ್ಕಳಿಗೆ ಮೊದಲು ‘ಬಸ್ಸು’, ‘ರೈಸು’, ‘ಹೌಸು’ ಅಂತ ಗಟ್ಟಿಯಾಗಿ ಹೇಳಿಸಿದೆ. ಆಮೇಲೆ ಕೊನೆಯ ‘ಉ’ ನುಂಗಿ ಅಂದೆ. ಎರಡು ವಾರದಲ್ಲಿ ಮುಕ್ಕಾಲು ಮಕ್ಕಳ ಬಾಯಲ್ಲಿ ‘ಸ್’ ಬಂತು. ಕೆಲವರು ಮಾತ್ರ ನುಂಗಲೇ ಇಲ್ಲ. ಆ ಹಳ್ಳಿಯಲ್ಲಿ ಈಗಲೂ ನಾಲ್ಕಾರು ಹುಡುಗರು ಹಾಸನದವರ ಹಾಗೆ ‘ಬಸ್ಸು’ ಅನ್ನುತ್ತಿರಬಹುದು.

ದಿನ ಹೇಗೆ ಕಳೆಯುತ್ತಿತ್ತು ಅಂತಲೂ ಕೇಳುತ್ತಾರೆ. ವಿಶೇಷವೇನಿಲ್ಲ. ಅಲ್ಲಿನ ಸರ್ಕಾರಿ ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತದೆ. ಬೆಳಗಿನ ಪಾಳಿಯ ಮಕ್ಕಳು ಮಧ್ಯಾಹ್ನ ನಮ್ಮಲ್ಲಿಗೆ, ಮಧ್ಯಾಹ್ನದವರು ಬೆಳಿಗ್ಗೆ. ನಡುವೆ ಊಟ, ಬಿಸಿಲಿಗೆ ಒಂದು ನಿದ್ದೆ. ಮನೆ ಕಂಬಗಳ ಮೇಲೆ ನಿಂತ ಮರದ್ದು, ಕೆಳಗೆ ತೂಗುಮಂಚದಂತೆ ಕಟ್ಟಿದ ಬಲೆ. ಮದುವೆ ಕಾಲದಲ್ಲಿ ಬೆಳಗಿನ ಜಾವಕ್ಕೇ ಧ್ವನಿವರ್ಧಕ ಶುರು. ‘ನೋಮ್ ಬಾನ್ ಚೋಕ್’ ಅಂದರೆ ಹೆಚ್ಚುಕಡಿಮೆ ನಮ್ಮ ಒತ್ತು ಶಾವಿಗೆ. ಅದರ ಮೇಲೆ ಮಜ್ಜಿಗೆಹುಲ್ಲು ಅರೆದು ಹಾಕಿದ ಮೀನಿನ ಸಾರು. ಬೆಳಗಿನ ತಿಂಡಿಗೆ ಅದನ್ನು ನಾನು ಬೇಡ ಅಂದ ದಿನವೇ ಇಲ್ಲ. ‘ಪ್ರಹೋಕ್’ ಅನ್ನುವ ಹುದುಗಿಸಿದ ಮೀನಿನ ಗೊಜ್ಜಿನ ವಾಸನೆಗೆ ಒಗ್ಗಲು ಮಾತ್ರ ಮೂರು ತಿಂಗಳು ಬೇಕಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ ‘ಞಾಂ ಬಾಯ್ ಹಾಯ್ ನೌ?’ ಅಂತ ಕೇಳುತ್ತಿದ್ದರು. ಮೊದಮೊದಲು ನಡುವಿನ ‘ಹಾಯ್’ ಕೇಳಿ ನಾನೂ ‘ಹಾಯ್ ಹಾಯ್’ ಅಂತ ಕೈ ಬೀಸುತ್ತಿದ್ದೆ. ಅವರು ಕೇಳುತ್ತಿದ್ದದ್ದು ಊಟ ಆಯ್ತಾ ಅಂತ.

ಮನೆಯ ಅಜ್ಜನಿಗೆ ಇಂಗ್ಲಿಷಿನ ಮೇಲೆ ಅಂಥ ನಂಬಿಕೆ ಇರಲಿಲ್ಲ. ಅವರ ಮೇಷ್ಟ್ರುಗಳು ಕೆಮೆರ್ ರೂಜ್ ಅನ್ನುವ ಕಮ್ಯುನಿಸ್ಟರ ಆಳ್ವಿಕೆಯ ಕಾಲದಲ್ಲಿ, 1975ರಿಂದ 1979ರ ನಡುವೆ, ಸತ್ತುಹೋದವರು. ಓದಿದವರನ್ನು ಹುಡುಕಿ ಕೊಂದ ಕಾಲ ಅದು. 1980ರ ದಶಕದಲ್ಲಿ ಮತ್ತೆ ತರಗತಿಗೆ ಹೋದಾಗ ಕಲಿಸಿದ್ದು ರಷ್ಯನ್. ‘ಅದರಿಂದ ಏನಾಯ್ತು? ಈಗ ಮೊಮ್ಮಗಳಿಗೆ ಇಂಗ್ಲಿಷ್. ಅವಳ ಮಗಳಿಗೆ ಚೀನೀ ಇರಬಹುದು’ ಅನ್ನುತ್ತಿದ್ದರು. ನಾನು ಸುಮ್ನೆ ಕೂತಿರುತ್ತಿದ್ದೆ. ಅಂಕೋರ್‌ನ ಹಳೆಯ ದೇವಾಲಯಗಳನ್ನು ನೋಡಲು ಬರುವ ಪ್ರವಾಸಿಗರೇ ಈ ಭಾಗದ ಅನ್ನ. ಹೋಟೆಲಿನಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಬೇಕು ಅನ್ನುವುದು ಅಜ್ಜನಿಗೂ ಗೊತ್ತಿತ್ತು.

ನನಗೆ ಸಿಟ್ಟು ಬರುತ್ತಿದ್ದದ್ದು ಬೇರೆಯದಕ್ಕೆ. ಎರಡು ವಾರಕ್ಕೆ ಅಂತ ಬರುವ ನನ್ನಂಥ ಸ್ವಯಂಸೇವಕರು. ಬಂದವರೆಲ್ಲ ಮತ್ತೆ ಬಣ್ಣಗಳ ಹೆಸರಿನಿಂದ ಶುರು ಮಾಡುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕೆಂಪು, ಹಸಿರು, ಹಳದಿ ಕಲಿತು ಕಲಿತು ಮಕ್ಕಳಿಗೆ ಸಾಕಾಗಿ ಹೋಗಿತ್ತು. ಬಂದವರು ಹೋದ ಮೇಲೂ ತರಗತಿಯಲ್ಲಿ ಉಳಿಯುವವರು ಆ ಊರಿನ ಮೇಷ್ಟ್ರು. ಇದು ಹೊಳೆದ ಮೇಲೆ ನಾನು ಬೋರ್ಡಿನ ಮುಂದಿನಿಂದ ಹಿಂದಿನ ಬೆಂಚಿಗೆ ಹೋದೆ. ಬೆಳಿಗ್ಗೆ ಆರೂವರೆಗೆ ಅವರ ಜೊತೆ ಕೂತು ಆ ದಿನದ ಪಾಠ ಮಾತಾಡಿಕೊಳ್ಳುತ್ತಿದ್ದೆ. ಅವರ ಅನುಮಾನಗಳೆಲ್ಲ ನನ್ನ ಪಿಯುಸಿ ದಿನಗಳ ಅನುಮಾನಗಳೇ. ಕೆಮೆರ್‌ನಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. ‘ಗೋ’ ಇದ್ದದ್ದು ‘ವೆಂಟ್’ ಯಾಕಾಗಬೇಕು ಅಂತ ಅವರು ಕೇಳಿದಾಗ, ಗೊತ್ತಿಲ್ಲ, ನಾನೂ ಬಾಯಿಪಾಠ ಮಾಡಿದ್ದು ಅಂದೆ. ಆಮೇಲೆ ಪಾಠ ಅವರು ಮಾಡುತ್ತಿದ್ದರು, ಕೆಮೆರ್‌ನಲ್ಲಿ ಬಿಡಿಸಿ ಹೇಳಿ. ನಾನು ಮಕ್ಕಳ ಜೊತೆ ಮಾತಾಡಿಸುವ ಕೆಲಸ ಇಟ್ಟುಕೊಂಡೆ.

ಆ ಹಿಂದಿನ ಬೆಂಚಿನಲ್ಲೇ ನನ್ನ ಕೆಮೆರ್ ಕಾಪಿಪುಸ್ತಕವೂ ತುಂಬಿತು. ಹೊರಡುವ ವಾರ ಮನೆಯ ಹುಡುಗಿ ನನಗೆ ಉಕ್ತಲೇಖನ ಕೊಟ್ಟು, ಕೆಂಪು ಪೆನ್ನಿನಲ್ಲಿ ತಿದ್ದಿ, ಅಜ್ಜನಿಗೆ ತೋರಿಸಿ ತಂದಳು. ಹತ್ತಕ್ಕೆ ನಾಲ್ಕು.