ಆರು ಬಾಣ, ಒಂದೇ ಮೂತಿ

ಕೊನೆಗೂ ಆಯಿತು! ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಆರು ಬ್ಲಾಕ್ ಬಾಣಗಳು, ಅಂದರೆ ದಪ್ಪ ಕಾಂಡ, ತ್ರಿಕೋನ ಮೂತಿಯ ರೆಡಿಮೇಡ್ ಆಕಾರಗಳು. ಉದ್ದ ಒಂದೊಂದರದ್ದು ಒಂದೊಂದು, ಮೂತಿ ಮಾತ್ರ ಎಲ್ಲಕ್ಕೂ ಒಂದೇ ಅಳತೆ. ಇಷ್ಟಕ್ಕೇ ಮೂರು ಸಂಜೆ ಹಿಡಿಯಿತು.

ಬಣ್ಣ, ಅಲೈನ್‌ಮೆಂಟ್ ಎಲ್ಲ ಮೊದಲ ದಿನವೇ ಮುಗಿದಿತ್ತು. ತಕರಾರು ಎದ್ದದ್ದು ಗಿಡ್ಡ ಬಾಣಗಳಲ್ಲಿ. ಎಲ್ಲದರ ಎತ್ತರ 2.4 ಸೆಂ.ಮೀ. ಉದ್ದನೆಯವುಗಳ ಮೂತಿಯ ಉದ್ದ 1.2 ಸೆಂ.ಮೀ., ನೋಡೋಕೆ ಚೂಪು, ಚೆಂದ. ಒಂದನ್ನು 1.6 ಸೆಂ.ಮೀ.ಗೆ ಕುಗ್ಗಿಸಿದೆ. ಗೋಡೆಗೆ ಗುದ್ದಿಕೊಂಡ ಹಾಗೆ ಮೂತಿ ಚಪ್ಪಟೆಯಾಯಿತು! ಬಾಣವನ್ನು ಆರಿಸಿದಾಗ ಕಾಣುವ ಹಳದಿ ಚುಕ್ಕಿ ಎಳೆದು ಸರಿಮಾಡಬಹುದು, ನಿಜ. ಆದರೆ ಕಣ್ಣಳತೆಯ ಕೆಲಸ ಪಕ್ಕಪಕ್ಕ ಇಟ್ಟಾಗ ಗೊತ್ತಾಗಿಬಿಡುತ್ತದೆ, ಅಲ್ವಾ?

ಎರಡನೇ ಸಂಜೆ ತ್ರಿಕೋನಕ್ಕೆ ಆಯತ ಜೋಡಿಸಿ ಮರ್ಜ್ ಶೇಪ್ಸ್‌ನಲ್ಲಿ ಯೂನಿಯನ್ ಮಾಡಿ ಒಂದೇ ಆಕಾರವಾಗಿಸಿದೆ. ಅದು ಫ್ರೀಫಾರ್ಮ್ (ಬರೀ ಗೆರೆಗಳ ಆಕಾರ) ಆಗಿ ಹಳದಿ ಚುಕ್ಕಿಯೇ ಮಾಯ. ಉದ್ದ ಎಳೆದರೆ ಮೂತಿಯೂ ರಬ್ಬರಿನ ಹಾಗೆ ಹಿಗ್ಗುತ್ತದೆ. ದುಡ್ಡು ಕೊಟ್ಟು ತಂದ ಟೆಂಪ್ಲೇಟ್ ತೆರೆದೆ. ‘ಪೂರ್ತಿ ಎಡಿಟ್ ಮಾಡಬಹುದು’ ಎಂದು ಬರೆದಿದ್ದರು. ಒಳಗೆ ನೋಡಿದರೆ ಬಾಣಗಳೆಲ್ಲ ಬರೀ ಚಿತ್ರಗಳು! ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು. ನನಗೆ ಈಗಲೂ ಸಿಟ್ಟಿದೆ.

ಗುಟ್ಟು ಇರುವುದು ಗಿಡ್ಡ ಬದಿಯಲ್ಲಿ. ಆಕಾರದ ಉದ್ದ, ಎತ್ತರ ಎರಡರಲ್ಲಿ ಯಾವುದು ಕಡಿಮೆಯೋ ಅದರ ಅರ್ಧ ಮೂತಿಗೆ ಸಿಗುತ್ತದೆ. ಉದ್ದ ಬಾಣದಲ್ಲಿ ಎತ್ತರವೇ ಕಡಿಮೆ, 2.4ರ ಅರ್ಧ 1.2. ಉದ್ದ 1.6ಕ್ಕೆ ಇಳಿದರೆ ಅದೇ ಗಿಡ್ಡ ಬದಿ, ಮೂತಿ 0.8. ಹಾಗಾದರೆ ಅರ್ಧದ ಬದಲು ಎಷ್ಟು ಕೊಡಬೇಕು? 1.2 ಅನ್ನು 1.6ರಿಂದ ಭಾಗಿಸಿದರೆ 0.75. ಅಷ್ಟೇ!

ಪವರ್‌ಪಾಯಿಂಟ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ ವಿಬಿಎಯಲ್ಲಿ, ಆಕಾರ ತಿದ್ದುವ ಸಂಖ್ಯೆಗಳ ಪಟ್ಟಿಯಾದ ಅಡ್ಜಸ್ಟ್‌ಮೆಂಟ್ಸ್‌ನ ಎರಡನೇ ಐಟಂ ಮೂತಿಯದ್ದು. ಆರಿಸಿದ ಪ್ರತಿ ಬಾಣಕ್ಕೂ ಬೇಕಾದ ಮೂತಿಯನ್ನು ಅದರ ಗಿಡ್ಡ ಬದಿಯಿಂದ ಭಾಗಿಸಿ ಅಲ್ಲಿ ತುಂಬುವ ಪುಟ್ಟ ಮ್ಯಾಕ್ರೋ (ಕೆಲಸವನ್ನು ತಾನೇ ಮಾಡುವ ಕೋಡ್) ಬರೆದೆ. ವಿಬಿಎಯಲ್ಲಿ ಉದ್ದ, ಎತ್ತರಗಳ ಅಳತೆ ಪಾಯಿಂಟ್‌ಗಳಲ್ಲಿರುತ್ತದೆ, ಮರೀಬೇಡಿ. 1.2 ಸೆಂ.ಮೀ. ಅಂದರೆ ಸುಮಾರು 34 ಪಾಯಿಂಟ್. ಮೊದಲನೇ ಐಟಂ ಕಾಂಡದ ದಪ್ಪ. ಅದು ಎತ್ತರವನ್ನಷ್ಟೇ ನೋಡುತ್ತದೆ, ಮುಟ್ಟಬೇಕಿಲ್ಲ. ಬಾಣವನ್ನು ತಿರುಗಿಸಿಟ್ಟಿದ್ದರೂ ಲೆಕ್ಕ ಕೆಡುವುದಿಲ್ಲ. ಉದ್ದ 1.2ಕ್ಕೆ ಇಳಿದರೆ ಮಾತ್ರ ಕಾಂಡವೇ ಉಳಿಯದೆ ಬರೀ ತ್ರಿಕೋನವಾಗುತ್ತದೆ.

ಹಳದಿ ಚುಕ್ಕಿಯೂ ಉಳಿಯಿತು. ನನಗೆ ಅದೇ ಜಾಸ್ತಿ ಖುಷಿ.

ಮುಂದಿನದು ಸುತ್ತು ಬಾಣ. ಸುಮ್ನೆ ಒಂದನ್ನು ಎಳೆದು ನೋಡಿದೆ, ಅದರಲ್ಲಿ ತಿದ್ದುವ ಸಂಖ್ಯೆಗಳೇ ಐದಿವೆ. ನಾಳೆ ಒಂದೊಂದನ್ನೇ ಬದಲಿಸಿ, ಯಾವುದು ಏನನ್ನು ಅಲ್ಲಾಡಿಸುತ್ತದೆ ಅಂತ ಬರೆದಿಟ್ಟುಕೊಳ್ಳುತ್ತೇನೆ.