ಬಾಯ್ಸಿ ಸ್ಟೇಟ್ ದೊಡ್ಡವರ ಪಂಕ್ತಿಗೆ ಬಂದದ್ದು ಹೇಗೆ?

ನನ್ನ ಭಾವ ಶಿವಮೊಗ್ಗ ಜಿಲ್ಲೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ ಎಂದರೆ ಅವರಿಗೆ ಪ್ರಾಣ. ನಾನು ರಜೆಯಲ್ಲಿ ಊರಿಗೆ ಹೋದಾಗಲೆಲ್ಲ, ಊಟ ಮುಗಿದು ಎಲೆಅಡಿಕೆಯ ತಟ್ಟೆ ಬರುವ ಹೊತ್ತಿಗೆ ಅವರ ಪ್ರಶ್ನೆಯೂ ಬರುತ್ತದೆ: "ಅಲ್ಲಪ್ಪಾ, ನೀನಿರುವ ಊರಿನ ಆ ಸಣ್ಣ ಕಾಲೇಜು ಅಷ್ಟು ಮೇಲೆ ಬಂದದ್ದು ಹೇಗೆ? ದುಡ್ಡಿನಿಂದಲೋ, ಹುಡುಗರಿಂದಲೋ, ತರಬೇತುದಾರರಿಂದಲೋ?" ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬರುವ ಕನ್ನಡದ ಹುಡುಗರೂ ಮೊದಲ ಚಳಿಗಾಲ ಕಳೆಯುವುದರೊಳಗೆ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಸೇರಿ ಒಮ್ಮೆ ಬರೆದುಬಿಡುತ್ತೇನೆ.

ನಾನಿರುವ ಊರು ಅಮೆರಿಕದ ಐಡಹೋ ರಾಜ್ಯದ ರಾಜಧಾನಿ ಬಾಯ್ಸಿ. ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿ ಹುಟ್ಟಿದ್ದು ಇಲ್ಲಿ. ನಾನು 2006ರಲ್ಲಿ ಬಂದದ್ದೂ ಅದೇ ಕಸುಬನ್ನು ನಂಬಿಕೊಂಡು. ಕಾಲೇಜು ಎಂದರೆ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯ. ಆಟ ಅಮೆರಿಕನ್ ಫುಟ್‌ಬಾಲ್. ನಾಲ್ಕು ಪ್ರಯತ್ನಗಳಲ್ಲಿ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಈ ಆಟದ ದೊಡ್ಡ ಮನೆತನಗಳ ಪೈಕಿ ಒಂದಾದ ಮಿಷಿಗನ್‌ನ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಬಾಯ್ಸಿಯದರಲ್ಲಿ ಸುಮಾರು 36,000.

ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ತಾವೇ ತಂದಿರುತ್ತಾರೆ: ನೀಲಿ ಮೈದಾನ. 1986ರಲ್ಲಿ ಇಲ್ಲಿನ ಕ್ರೀಡಾ ನಿರ್ದೇಶಕ ಜೀನ್ ಬ್ಲೇಮೈಯರ್ ಹಳೆಯ ಕೃತಕ ಹಾಸನ್ನು ತೆಗೆಸಿ ನೀಲಿ ಬಣ್ಣದ್ದನ್ನು ಹಾಸಿದರು. ಅಷ್ಟು ಹಣ ಸುರಿದು ಮತ್ತೆ ಹಸಿರನ್ನೇ ಹಾಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಟಿವಿಯಲ್ಲಿ ಚಾನೆಲ್ ಬದಲಿಸುತ್ತಿದ್ದವರ ಕೈ ನೀಲಿ ಕಂಡ ಕೂಡಲೇ ನಿಂತಿತು. ಆದರೆ ನಿಂತು ನೋಡಿದವರಿಗೆ ನೋಡಲು ಒಂದು ಒಳ್ಳೆಯ ತಂಡವೂ ಬೇಕಿತ್ತಲ್ಲ. ಆ ತಂಡ ಎಲ್ಲಿಂದ ಬಂತು ಎಂಬುದೇ ಭಾವನ ಪ್ರಶ್ನೆ.

ನನ್ನ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಇಲ್ಲಿ ಕೆಲಸ ಕೈಯಿಂದ ಕೈಗೆ ದಾಟಿತು, ನಡುವೆ ನೆಲಕ್ಕೆ ಬೀಳಲಿಲ್ಲ.

1932ರಲ್ಲಿ ಚರ್ಚೊಂದರ ಆಶ್ರಯದಲ್ಲಿ ಎರಡು ವರ್ಷದ ಜೂನಿಯರ್ ಕಾಲೇಜಾಗಿ ಶುರುವಾದ ಸಂಸ್ಥೆ ಇದು. ಈಗಿನ ಆವರಣ ಹಿಂದೆ ಊರಿನ ವಿಮಾನ ನಿಲ್ದಾಣವಾಗಿತ್ತು. ಲೈಲ್ ಸ್ಮಿತ್ ಎಂಬವರು 1947ರಲ್ಲಿ ಮುಖ್ಯ ತರಬೇತುದಾರರಾದರು. ನಡುವೆ ಸೇನಾ ಸೇವೆಗೆ ಹೋದದ್ದನ್ನು ಬಿಟ್ಟರೆ 1967ರವರೆಗೂ ಅವರದೇ ಕೈ. 1958ರಲ್ಲಿ ಜೂನಿಯರ್ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಬಂತು. ಬಳಿಕ 1981ರವರೆಗೆ ಅವರೇ ಕ್ರೀಡಾ ನಿರ್ದೇಶಕರು. ಅಷ್ಟರಲ್ಲಿ ಕಾಲೇಜು ನಾಲ್ಕು ವರ್ಷದ ಪದವಿ ಸಂಸ್ಥೆಯಾಗಿ, ವಿಶ್ವವಿದ್ಯಾಲಯವೂ ಆಗಿ, 1980ರಲ್ಲಿ ಎರಡನೇ ಸ್ತರದ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತ್ತು. ಏಣಿಯ ಒಂದು ಮೆಟ್ಟಿಲನ್ನೂ ಹಾರಿ ಹತ್ತಿದ್ದಲ್ಲ ಇದು. ಸ್ಮಿತ್ 101 ವರ್ಷ ಬದುಕಿ, ತಾವು ನೆಟ್ಟದ್ದು ಮರವಾದದ್ದನ್ನು ಕಣ್ಣಾರೆ ನೋಡಿಯೇ ಹೋದರು.

ಮುಖ್ಯ ತರಬೇತುದಾರರಾಗಿದ್ದ ಪೋಕಿ ಆಲನ್ ಅವರನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. 1994ರಲ್ಲಿ ಎರಡನೇ ಸ್ತರದ ಪ್ರಶಸ್ತಿಯ ಸೆಮಿಫೈನಲ್‌ಗೆ 20,000 ಜನ ಬಂದರೆ ಬ್ರಾಡ್‌ವೇ ರಸ್ತೆಯಲ್ಲಿ ಕುದುರೆ ಸವಾರಿ ಮಾಡುತ್ತೇನೆಂದು ಊರಿಗೆ ಮಾತು ಕೊಟ್ಟರು. ಜನ ಬಂದರು, ಅವರು ಕುದುರೆ ಏರಿದರು. ಅದೇ ದಿನಗಳಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. 1996ರಲ್ಲಿ ಬಾಯ್ಸಿ ಅತ್ಯುನ್ನತ ಸ್ತರಕ್ಕೆ ಏರಿದ ಮೊದಲ ವರ್ಷದ ಕೊನೆಯ ಎರಡು ಪಂದ್ಯಗಳಿಗೆ ಮೈದಾನಕ್ಕೆ ಮರಳಿದ ಅವರು ಡಿಸೆಂಬರ್ ಮುಗಿಯುವ ಮುನ್ನ ತೀರಿಕೊಂಡರು. ಊರಿಗೂ ತಂಡಕ್ಕೂ ನಂಟು ಬೆಸೆದವರು ಅವರು ಎಂದು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ.

ಆಮೇಲಿನದನ್ನು ಭಾವನಿಗೆ ನಾನು ಬೆರಳು ಮಡಚಿ ಲೆಕ್ಕ ಹೇಳುವುದುಂಟು. 1998ರಲ್ಲಿ ಡರ್ಕ್ ಕೆಟರ್ ಬಂದರು, ಮೂರು ವರ್ಷ ಗೆದ್ದರು, ಅರಿಜೋನಾ ಸ್ಟೇಟ್ ಅವರನ್ನು ಕರೆದೊಯ್ದಿತು. ಅವರ ಸಹಾಯಕ ಡ್ಯಾನ್ ಹಾಕಿನ್ಸ್ ಮುಖ್ಯ ತರಬೇತುದಾರರಾದರು, ಐದು ವರ್ಷ ಗೆದ್ದರು, ಕೊಲರಾಡೊ ಕರೆದೊಯ್ದಿತು. ಅವರ ಸಹಾಯಕ ಕ್ರಿಸ್ ಪೀಟರ್ಸನ್ ಬಂದರು. ಎಂಟು ವರ್ಷಗಳಲ್ಲಿ 92 ಗೆಲುವು, 12 ಸೋಲು. ಕೊನೆಗೆ ಅವರೂ ವಾಷಿಂಗ್ಟನ್‌ಗೆ ಹೋದರು. ಸಣ್ಣ ಕಾಲೇಜಿನ ಹಣೆಬರಹವೇ ಇದು: ನೀವು ಬೆಳೆಸಿದವರನ್ನು ಹಣವಂತರು ಒಯ್ಯುತ್ತಾರೆ. ಬೇರೆ ಕಡೆಗಳಲ್ಲಿ ಹೊಸಬರು ಬಂದು ಹಳೆಯದನ್ನೆಲ್ಲ ಗುಡಿಸಿ ಹಾಕಿ ಮೊದಲಿನಿಂದ ಶುರು ಮಾಡುತ್ತಾರೆ. ಬಾಯ್ಸಿಯಲ್ಲಿ ಪಕ್ಕದ ಕೋಣೆಯವರು ಎದ್ದು ಬಂದು ಕುರ್ಚಿಯಲ್ಲಿ ಕುಳಿತರು. ತಂತ್ರ, ಅಭ್ಯಾಸದ ಕ್ರಮ, ಹುಡುಗರ ಪರಿಚಯ ಯಾವುದೂ ಬದಲಾಗಲಿಲ್ಲ. ಪೀಟರ್ಸನ್ ಬಳಿಕ ಬಂದ ಬ್ರಯಾನ್ ಹಾರ್ಸಿನ್, ಆಂಡಿ ಅವಲೋಸ್ ಇಬ್ಬರೂ ಇದೇ ಅಂಗಳದಲ್ಲಿ ಆಡಿದವರು.

ಇನ್ನು ಹುಡುಗರು. ದೊಡ್ಡ ವಿಶ್ವವಿದ್ಯಾಲಯಗಳು ಎತ್ತರ, ತೂಕ, ವೇಗ ಅಳೆದು ಮೊದಲು ಆರಿಸಿಕೊಳ್ಳುತ್ತವೆ. ಉಳಿದವರಲ್ಲಿ ಹುಡುಕುವುದು ಇವರ ಪಾಲು. ಲೇಟನ್ ವ್ಯಾಂಡರ್ ಎಷ್ ಎಂಬ ಹುಡುಗ ಐಡಹೋದ ರಿಗಿನ್ಸ್ ಎಂಬ ಹಳ್ಳಿಯವನು. ಸುಮಾರು ನಾನೂರು ಜನರ ಊರು. ಅಲ್ಲಿನ ಶಾಲೆಗೆ ಹನ್ನೊಂದು ಆಟಗಾರರನ್ನು ಹೊಂದಿಸುವುದೇ ಕಷ್ಟ, ಎಂಟು ಜನರ ಫುಟ್‌ಬಾಲ್ ಆಡಿ ಬೆಳೆದವನು. ವಿದ್ಯಾರ್ಥಿವೇತನವೂ ಇಲ್ಲದೆ ಬಾಯ್ಸಿ ತಂಡಕ್ಕೆ ಸೇರಿದ. 2018ರಲ್ಲಿ ವೃತ್ತಿಪರ ತಂಡವಾದ ಡಲ್ಲಾಸ್ ಕೌಬಾಯ್ಸ್ ಹೊಸ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಅವನನ್ನು ಆರಿಸಿತು. ಇನ್ನೊಬ್ಬ ಕೆಲ್ಲೆನ್ ಮೂರ್, ಕ್ವಾರ್ಟರ್‌ಬ್ಯಾಕ್, ಎಂದರೆ ತಂಡದ ಆಟವನ್ನು ನಡೆಸುವವನು. ಶಾಲಾ ತರಬೇತುದಾರರ ಮಗ, ಸಾಧಾರಣ ಮೈಕಟ್ಟು, ತೋಳಿನಲ್ಲಿ ಅಸಾಧಾರಣ ಬಲವೇನೂ ಇರಲಿಲ್ಲ. ನಾಲ್ಕು ವರ್ಷಗಳಲ್ಲಿ 50 ಪಂದ್ಯ ಗೆದ್ದ, 3 ಸೋತ. ಆ ಮೂರು ಸೋಲುಗಳ ಅಂತರವನ್ನು ಕೂಡಿಸಿದರೆ ಒಟ್ಟು ಐದೇ ಅಂಕ. ಈ ಲೆಕ್ಕ ಹೇಳುವಾಗ ನನ್ನ ಗಂಟಲು ಈಗಲೂ ಕಟ್ಟುತ್ತದೆ.

2007ರ ಜನವರಿ 1ರ ರಾತ್ರಿಯನ್ನು ನೋಡಿದವರು ಮರೆಯಲಾರರು. ಋತುವಿನ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ಫಿಯೆಸ್ಟಾ ಬೌಲ್‌ನಲ್ಲಿ ಎದುರಾಳಿ ಓಕ್ಲಹೋಮ, ಈ ಆಟದ ಹಳೆಯ ಅರಸು ಮನೆತನ. ಪಕ್ಕದ ಮನೆಯವರ ಟಿವಿ ಮುಂದೆ ನಾವು ಹತ್ತು ಜನ. 18 ಅಂಕಗಳ ಮುನ್ನಡೆ ಕರಗಿ, ಕೊನೆಯ ನಿಮಿಷದಲ್ಲಿ ಬಾಯ್ಸಿ ಏಳು ಅಂಕ ಹಿಂದೆ. ಕೊನೆಯ ಪ್ರಯತ್ನ, ಬೇಕಾದದ್ದು 18 ಗಜ, ಉಳಿದದ್ದು 18 ಸೆಕೆಂಡು. ಚೆಂಡು ಡ್ರಿಸನ್ ಜೇಮ್ಸ್ ಕೈ ಸೇರಿತು. ಎದುರಾಳಿಗಳು ಅವನ ಮೇಲೆ ಮುಗಿಬೀಳುವಷ್ಟರಲ್ಲಿ, ಎದುರಿನಿಂದ ಓಡಿ ಬರುತ್ತಿದ್ದ ಜೆರಾರ್ಡ್ ರ‍್ಯಾಬ್‌ಗೆ ಮೆಲ್ಲಗೆ ದಾಟಿಸಿದ. ರ‍್ಯಾಬ್ ಗೆರೆ ದಾಟಿದಾಗ ಏಳು ಸೆಕೆಂಡು ಉಳಿದಿತ್ತು. ಹೆಚ್ಚುವರಿ ಅವಧಿಯಲ್ಲಿ ಓಕ್ಲಹೋಮ ಮೊದಲ ಓಟದಲ್ಲೇ ಟಚ್‌ಡೌನ್ ಮಾಡಿತು, ಎಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿತು, ಜೊತೆಗೆ ಒದೆತದ ಒಂದು ಅಂಕವನ್ನೂ ಪಡೆಯಿತು; ಬಾಯ್ಸಿಯೂ ಮಾಡಿತು. ಒಂದು ಅಂಕದ ಸುಲಭ ಒದೆತದಿಂದ ಸಮ ಮಾಡಿಕೊಳ್ಳಬಹುದಿತ್ತು. ಪೀಟರ್ಸನ್, ಒದೆಯುವ ಬದಲು ಚೆಂಡನ್ನು ಇನ್ನೊಮ್ಮೆ ಗೆರೆ ದಾಟಿಸಿದರೆ ಸಿಗುವ ಎರಡು ಅಂಕಕ್ಕೇ ಕೈ ಹಾಕಿದರು. ಕ್ವಾರ್ಟರ್‌ಬ್ಯಾಕ್ ಜಬ್ರಾನ್‌ಸ್ಕಿ ಬರಿಗೈಯನ್ನು ಬಲಕ್ಕೆ ಬೀಸಿ ಎಸೆದಂತೆ ನಟಿಸಿದ. ಚೆಂಡು ಬೆನ್ನ ಹಿಂದೆ ಎಡಗೈಯಲ್ಲಿತ್ತು. ಇಯಾನ್ ಜಾನ್ಸನ್ ಅದನ್ನು ತೆಗೆದುಕೊಂಡು ಎಡಕ್ಕೆ ಓಡಿದ. 43-42. ಅಂಥ ಗಳಿಗೆಯಲ್ಲಿ ಬೆನ್ನ ಹಿಂದೆ ಚೆಂಡು ಹಿಡಿಯಬೇಕಾದರೆ, ಕೈ ಚಾಚುವವನು ಅಲ್ಲಿಗೆ ಬಂದೇ ಬರುತ್ತಾನೆ ಎಂಬ ನಂಬಿಕೆ ಬೇಕು. ಆ ನಂಬಿಕೆ ಒಂದು ರಾತ್ರಿಯಲ್ಲಿ ಬರುವಂಥದಲ್ಲ.

ಆ ವರ್ಷ 13 ಪಂದ್ಯ, 13 ಗೆಲುವು. ಆದರೂ ಅಂತಿಮ ಶ್ರೇಯಾಂಕದಲ್ಲಿ ಐದನೇ ಸ್ಥಾನ. 2009ರಲ್ಲಿ 14ಕ್ಕೆ 14 ಗೆದ್ದರೂ ನಾಲ್ಕನೆಯದು. ಆಗ ರಾಷ್ಟ್ರೀಯ ಪ್ರಶಸ್ತಿಗೆ ಸೆಣಸುವ ಎರಡು ತಂಡಗಳನ್ನು ಮತದಾನ ಮತ್ತು ಕಂಪ್ಯೂಟರ್ ಲೆಕ್ಕ ಆರಿಸುತ್ತಿದ್ದವು. ಸಣ್ಣ ಒಕ್ಕೂಟದಲ್ಲಿ ಆಡುವವರ ಗೆಲುವಿಗೆ ತೂಕ ಕಡಿಮೆ, ದೊಡ್ಡವರು ಇವರೊಂದಿಗೆ ಆಡಲು ಸುಲಭಕ್ಕೆ ಒಪ್ಪುವುದೂ ಇಲ್ಲ. ಇದು ಅನ್ಯಾಯವಾಗಿತ್ತು, ಬೇರೆ ಪದ ನನಗೆ ಸಿಕ್ಕಿಲ್ಲ. ಸೋಲದೆ ಇರುವುದೊಂದೇ ದಾರಿ. ಆದ್ದರಿಂದಲೇ 2010ರ ನವೆಂಬರ್‌ನಲ್ಲಿ ನೆವಾಡ ಎದುರು ಕೈಲ್ ಬ್ರಾಟ್ಜ್‌ಮನ್ 26 ಗಜದ ಒದೆತವನ್ನೂ, ಹೆಚ್ಚುವರಿ ಅವಧಿಯಲ್ಲಿ 29 ಗಜದ್ದನ್ನೂ ತಪ್ಪಿದಾಗ ಒಂದು ವರ್ಷದ ಆಸೆಯೇ ಮುಗಿದುಹೋಯಿತು. ತಂಡಕ್ಕೆ ನೂರಾರು ಅಂಕ ಗಳಿಸಿಕೊಟ್ಟ ಆ ಹುಡುಗನಿಗೆ ಬೆದರಿಕೆಗಳು ಬಂದವು. ಅವನ ಬೆನ್ನಿಗೆ ನಿಂತವರೂ ಬಹಳ ಮಂದಿ ಇದ್ದರು.

2024ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ನಿರ್ಧರಿಸುವ ಪ್ಲೇಆಫ್ ಪಂದ್ಯಗಳು ಹನ್ನೆರಡು ತಂಡಗಳಿಗೆ ತೆರೆದುಕೊಂಡವು. ಮೊದಲ ವರ್ಷವೇ ಬಾಯ್ಸಿ ಮೂರನೇ ಶ್ರೇಯಾಂಕದೊಂದಿಗೆ ಒಳಗೆ ಬಂತು. ತರಬೇತುದಾರ ಸ್ಪೆನ್ಸರ್ ಡೇನಿಯಲ್‌ಸನ್ ಮತ್ತೆ ಒಳಗಿನವರೇ, ಹಿಂದಿನವರ ಸಹಾಯಕರು. ಈಗ ಆಟಗಾರರು ಹಣ ಪಡೆಯಬಹುದು, ವರ್ಷ ವರ್ಷವೂ ಕಾಲೇಜು ಬದಲಿಸಬಹುದು. ಅಂಥ ಕಾಲದಲ್ಲಿ ಆ್ಯಷ್ಟನ್ ಜೆಂಟಿ, ಬೇರೆಯವರು ಹೆಚ್ಚು ಕೊಡಲು ಸಿದ್ಧರಿದ್ದರೂ, ಬಾಯ್ಸಿಯಲ್ಲೇ ಉಳಿದು ಆ ವರ್ಷ ಚೆಂಡು ಹಿಡಿದು 2,601 ಗಜ ಓಡಿದ. ಒಂದು ಋತುವಿನ ಸಾರ್ವಕಾಲಿಕ ದಾಖಲೆಗೆ 27 ಗಜ ಕಡಿಮೆ. ಡಿಸೆಂಬರ್ 31ರಂದು ಪೆನ್ ಸ್ಟೇಟ್ ಎದುರು ತಂಡ 31-14ರಿಂದ ಸೋತಿತು.

ಭಾವನ ಮೂರು ಆಯ್ಕೆಗಳಲ್ಲಿ ನನ್ನದು ತರಬೇತುದಾರರು. ಒಬ್ಬರಲ್ಲ, ಸಾಲು. ಕಳೆದ ಸಲ ಇದನ್ನು ಹೇಳಿದಾಗ ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ನಿವೃತ್ತಿಗೆ ಎರಡು ವರ್ಷವಿದೆ. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಅವರ ಸೀಟಿ ಹಳೆಯ ವಿದ್ಯಾರ್ಥಿಯೊಬ್ಬನ ಕೊರಳಲ್ಲಿತ್ತು. ಭಾವ ಗೆರೆಯಾಚೆ ಕೈಕಟ್ಟಿ ನಿಂತಿದ್ದರು.