ಟೆಲಿ ಲೆನ್ಸಿಗೊಂದು ಅಂಗಿ

ದೂರದ ಹಕ್ಕಿ, ಪ್ರಾಣಿಗಳನ್ನು ಹತ್ತಿರ ತೋರಿಸುವ ನನ್ನ 200–500 ಮಿ.ಮೀ. ನಿಕಾನ್ ಟೆಲಿ ಲೆನ್ಸಿಗೆ ತೊಡಿಸಿರುವ ಕವರನ್ನು ಕಂಡವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಇದನ್ನು ಹಾಕಿದರೆ ಹಕ್ಕಿಗಳು ಹತ್ತಿರ ಬರುತ್ತವೆಯೇ? ಅದರ ಮೇಲೆ ಎಲೆ, ರೆಂಬೆ, ಒಣಹುಲ್ಲಿನ ಚಿತ್ತಾರ ಅಚ್ಚಾಗಿರುವುದರಿಂದ ಹಾಗೆ ಕೇಳುವುದು ಸಹಜವೇ. ಆದರೆ ಐದು ವರ್ಷಗಳ ಬಳಕೆಯ ನಂತರ ನನಗೆ ಮನವರಿಕೆಯಾಗಿರುವ ಸಂಗತಿ ಬೇರೆ. ಈ ಕವರಿನ ನಿಜವಾದ ಉಪಕಾರವಿರುವುದು ಪೆಟ್ಟು, ಗೀರು ಮತ್ತು ಸದ್ದನ್ನು ತಡೆಯುವುದರಲ್ಲಿ. ಮರೆಮಾಚುವ ಕೆಲಸ ಅದರಿಂದ ಸ್ವಲ್ಪಮಟ್ಟಿಗೆ ಮಾತ್ರ ಆಗುತ್ತದೆ.

ಸದ್ದಿನ ಮಾತನ್ನೇ ಮೊದಲು ಹೇಳುತ್ತೇನೆ. ಕಬಿನಿಯ ಸಫಾರಿ ವಾಹನದಲ್ಲಿ ಕುಳಿತವರಿಗೆ ಮುಂದಿನ ಕಬ್ಬಿಣದ ಸರಳಿನ ಪರಿಚಯ ಇದ್ದೇ ಇರುತ್ತದೆ. ಹಳ್ಳ ಹಾರಿದಾಗಲೆಲ್ಲ ಮಡಿಲಲ್ಲಿರುವ ಲೆನ್ಸ್ ಆ ಸರಳಿಗೆ ಬಡಿಯುತ್ತದೆ. ಮುಕ್ಕಾಲಿಗೆ ಕೂರಿಸುವ ಪಟ್ಟಿ (ಟ್ರೈಪಾಡ್ ಕಾಲರ್) ಸೇರಿ 2.3 ಕಿಲೋ ತೂಗುವ ವಸ್ತು ಹಾಗೆ ಬಡಿದಾಗ ಏಳುವ ಟಣ್ ಎಂಬ ಸದ್ದು ಪೊದೆಯಂಚಿನಲ್ಲಿ ಮೇಯುತ್ತಿರುವ ಜಿಂಕೆಯ ತಲೆಯನ್ನು ಒಮ್ಮೆಲೇ ಮೇಲೆತ್ತಿಸುತ್ತದೆ. ಕವರ್ ತೊಡಿಸಿದ ಮೇಲೆ ಅದೇ ಪೆಟ್ಟು ದಿಂಬಿಗೆ ಗುದ್ದಿದಷ್ಟು ಮೆತ್ತಗೆ ಕೇಳಿಸುತ್ತದೆ. ಇದಕ್ಕೆ ಕಾರಣ ಅದನ್ನು ಮಾಡಿರುವ ನಿಯೋಪ್ರೀನ್. 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಸಿದ್ಧವಾದ ಈ ಕೃತಕ ರಬ್ಬರಿನ ನೊರೆರೂಪದಲ್ಲಿ ಒಂದಕ್ಕೊಂದು ತಾಗದ ಸಣ್ಣಸಣ್ಣ ಅನಿಲದ ಗುಳ್ಳೆಗಳು ಸೆರೆಯಾಗಿರುತ್ತವೆ. ಮುಳುಗುಗಾರರ ಉಡುಪನ್ನು ಇದರಿಂದ ಹೊಲಿಯುವುದೂ ಆ ಗುಳ್ಳೆಗಳ ಗುಣಕ್ಕಾಗಿಯೇ. ಹಾಗೆಂದು ಕೈಜಾರಿ ಬಂಡೆಯ ಮೇಲೆ ಬಿದ್ದ ಲೆನ್ಸನ್ನು ಕವರ್ ಉಳಿಸುತ್ತದೆ ಎಂದು ಯಾರೂ ನಂಬಬಾರದು. ಅದು ತಡೆಯುವುದು ದಿನನಿತ್ಯದ ತಿಕ್ಕಾಟವನ್ನು ಮಾತ್ರ.

ಕೊಳ್ಳುವಾಗ ನಾನು ಬಣ್ಣಕ್ಕಿಂತ ಮೊದಲು ನೋಡುವುದು ಅಳತೆಯನ್ನು. ಜೂಮ್ ಲೆನ್ಸಿನ ಕವರ್ ಒಂದೇ ಚೀಲದಂತಿರದೆ ಹುಡ್ (ಮುಂದಿನ ಗಾಜಿಗೆ ಅಡ್ಡಬೆಳಕು ಬೀಳದಂತೆ ತಡೆಯುವ ಕೊಳವೆ), ಜೂಮ್ ರಿಂಗ್ ಮತ್ತು ಹಿಂಭಾಗಕ್ಕೆ ಬೇರೆಬೇರೆ ಪಟ್ಟಿಗಳಾಗಿರಬೇಕು, ಇಲ್ಲವಾದರೆ ರಿಂಗ್ ತಿರುಗಿಸುವಾಗ ಬಟ್ಟೆ ಮಡಿಕೆ ಬೀಳುತ್ತದೆ. ಸ್ವಿಚ್ಚುಗಳ ಮೇಲೆ ಪಾರದರ್ಶಕ ಕಿಟಕಿಯಾದರೂ ತೆರೆದ ಕಂಡಿಯಾದರೂ ಇರಲೇಬೇಕು. ಇದನ್ನು ನಾನು ಕಲಿತದ್ದು ಕಾಳಿ ನದಿಯ ಬಳಿಯ ಗಣೇಶಗುಡಿಯಲ್ಲಿ. ನನ್ನ ಮೊದಲ ಕವರ್ ಅಗ್ಗದ್ದು. ಸ್ವಿಚ್ಚುಗಳ ಮೇಲೂ ಅದು ಬಿಗಿಯಾಗಿ ಕುಳಿತಿತ್ತು. ಹಕ್ಕಿಗಳು ಸ್ನಾನಕ್ಕೆ ಬರುವ ನೀರಿನ ತೊಟ್ಟಿಯ ಮುಂದೆ ಎರಡು ಗಂಟೆ ಕಾದ ಮೇಲೆ ಕೊರಳು ಕೆಂಡದಂತೆ ಹೊಳೆಯುವ ಪಿಕಳಾರವೊಂದು ನಾಲ್ಕು ಮೀಟರ್ ದೂರದಲ್ಲಿ ಬಂದು ಕುಳಿತಿತು. ಲೆನ್ಸ್ ಮಾತ್ರ ಫೋಕಸ್ ಸಿಗದೆ ಹಿಂದೆ ಮುಂದೆ ತಡಕಾಡುತ್ತಲೇ ಇತ್ತು. ಕವರನ್ನು ಎಳೆದು ತೊಡಿಸುವಾಗ ಫೋಕಸ್ ಮಿತಿಯ ಸ್ವಿಚ್ ಬಟ್ಟೆಯಡಿಯಲ್ಲೇ ಆರು ಮೀಟರಿನ ಕಡೆಗೆ ಜಾರಿದ್ದು ನನಗೆ ತಿಳಿದೇ ಇರಲಿಲ್ಲ. ಹಾಗಿಟ್ಟರೆ ಆರು ಮೀಟರಿಗಿಂತ ಹತ್ತಿರದ್ದಕ್ಕೆ ಲೆನ್ಸ್ ಫೋಕಸ್ ಮಾಡುವುದಿಲ್ಲ. ನಾನು ಕವರ್ ಸುಲಿದು ಸ್ವಿಚ್ ಸರಿಪಡಿಸುವಷ್ಟರಲ್ಲಿ ಪಿಕಳಾರ ಮುಳುಗಿ, ಗರಿ ಕೊಡವಿ, ಹೊರಟುಹೋಗಿತ್ತು. ಆ ಚಿತ್ರ ತಪ್ಪಿದ್ದಕ್ಕೆ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಇನ್ನು ಮರೆಮಾಚುವ ವಿಷಯ. ಮನುಷ್ಯನ ಕಣ್ಣು ಬಣ್ಣ ಗುರುತಿಸುವುದು ಮೂರು ಬಗೆಯ ಶಂಕುಕೋಶಗಳಿಂದ. ಜಿಂಕೆಗಳಿಗಿರುವುದು ಎರಡೇ ಬಗೆ, ಬಹುಪಾಲು ಹಕ್ಕಿಗಳಿಗೆ ನಾಲ್ಕು. ನೇರಳಾತೀತ ಬೆಳಕನ್ನೂ ಕಾಣಬಲ್ಲ ಹಕ್ಕಿಗಳು ಎಷ್ಟೋ ಇವೆ. ಆದ್ದರಿಂದ ಅಂಗಡಿಯಲ್ಲಿ ನಮಗೆ ಎಲೆಯಂತೆ ಕಂಡ ಅಚ್ಚುಬಟ್ಟೆ ಹಕ್ಕಿಗೂ ಎಲೆಯಂತೆಯೇ ಕಾಣಬೇಕೆಂದಿಲ್ಲ. ಮಾರುಕಟ್ಟೆಯಲ್ಲಿರುವ ಅನೇಕ ಚಿತ್ತಾರಗಳು ಅಮೆರಿಕದ ಬೇಟೆಗಾರರ ಉಡುಪಿನಿಂದ ಬಂದವು. ಅಲ್ಲಿನ ಓಕ್ ಕಾಡಿಗೆ ಒಪ್ಪುವ ಆ ದಟ್ಟ ಹಸಿರು ಕರಡಿಧಾಮವಿರುವ ದರೋಜಿಯ ಬಂಡೆ ಮತ್ತು ಕುರುಚಲು ಗಿಡಗಳ ನಡುವೆ ಕಪ್ಪು ಗುಡ್ಡೆಯಂತೆ ಎದ್ದು ಕಾಣುತ್ತದೆ. ಆ ಸೀಮೆಗೆ ಒಣಹುಲ್ಲಿನ ಬಣ್ಣವೇ ವಾಸಿ. ರಂಗನತಿಟ್ಟಿನಲ್ಲಂತೂ ದೋಣಿಯನ್ನು ದಿನವೂ ನೋಡಿ ಒಗ್ಗಿಕೊಂಡ ಕೊಕ್ಕರೆಗಳಿಗೆ ಲೆನ್ಸಿನ ಬಣ್ಣ ಲೆಕ್ಕಕ್ಕೇ ಇಲ್ಲ. ಹಕ್ಕಿಯನ್ನು ಹೆದರಿಸುವುದು ಹೆಚ್ಚಾಗಿ ಚಲನೆ. ಅಡಗಿ ಕೂರುವ ಮರೆಗೂಡಿನ ಕಂಡಿಯಿಂದ ಹೊರಚಾಚಿದ ಲೆನ್ಸ್ ಸರ್ರನೆ ತಿರುಗಿದರೆ ಯಾವ ಚಿತ್ತಾರವೂ ನೆರವಿಗೆ ಬಾರದು. ಬಣ್ಣದ ಪ್ರಯೋಜನ ಹುಡ್ಡಿನ ಹೊಳಪನ್ನು ಮುಚ್ಚುವಷ್ಟು ಮತ್ತು ಲೆನ್ಸಿನ ದುಂಡನೆಯ ಆಕಾರವನ್ನು ಒಡೆದು ತೋರಿಸುವಷ್ಟು ಎಂದು ನಾನು ತಿಳಿದಿದ್ದೇನೆ.

ಬಿಳಿ ಲೆನ್ಸ್ ಉಳ್ಳವರು ಇನ್ನೊಂದು ಅಂಶವನ್ನು ಯೋಚಿಸಬೇಕು. ಕ್ಯಾನನ್ ತನ್ನ ದೊಡ್ಡ ಟೆಲಿ ಲೆನ್ಸುಗಳಿಗೆ ಬಿಳಿ ಬಣ್ಣ ಬಳಿಯುವುದು ಬಿಸಿಲಿನ ಕಾವು ಒಳಗಿನ ಭಾಗಗಳಿಗೆ ತಟ್ಟದಿರಲೆಂದು. ಅವುಗಳಲ್ಲಿ ಬಳಸುವ ಫ್ಲೋರೈಟ್ ಹರಳು ಸಾಧಾರಣ ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ಅಂತಹ ಲೆನ್ಸಿಗೆ ಕಡುಬಣ್ಣದ ಕವರ್ ತೊಡಿಸಿ ಏಪ್ರಿಲ್ ಬಿಸಿಲಿನಲ್ಲಿಟ್ಟರೆ ನಿಯೋಪ್ರೀನ್ ಕಾವನ್ನು ಒಂದಿಷ್ಟು ತಡೆದೀತು, ಆದರೆ ಕವರಿನ ಮೇಲ್ಮೈ ಮುಟ್ಟಲಾರದಷ್ಟು ಕಾಯುತ್ತದೆ. ತಿಳಿಬಣ್ಣದ್ದನ್ನೇ ಆರಿಸಿಕೊಳ್ಳುವುದು ಮೇಲು.

ಮಳೆಗಾಲದಲ್ಲಿ ಮಾತ್ರ ಈ ಕವರಿನ ಮೇಲೆ ಒಂದು ಕಣ್ಣಿಟ್ಟಿರಲೇಬೇಕು. ನಿಯೋಪ್ರೀನ್ ನೀರು ಹೀರದಿದ್ದರೂ ಅದಕ್ಕೆ ಅಂಟಿಸಿದ ಬಟ್ಟೆ ನೆನೆಯುತ್ತದೆ, ಹೊಲಿಗೆಯ ಸಂದಿನಲ್ಲಿ ನೀರು ಇಳಿಯುತ್ತದೆ, ಇಳಿದ ನೀರು ಲೆನ್ಸಿನ ಮೈಗೂ ಕವರಿಗೂ ನಡುವೆ ಆರದೆ ನಿಲ್ಲುತ್ತದೆ. ಹಾಗಾಗಿ ಮಳೆಗೆ ಪ್ರತ್ಯೇಕ ರೇನ್ ಕವರ್ ಬೇಕೇ ಬೇಕು. ಒಂದು ಜುಲೈನಲ್ಲಿ ಆಗುಂಬೆಯಿಂದ ಮರಳಿದವನು ಕೆಲಸದ ಒತ್ತಡದಲ್ಲಿ ಒದ್ದೆ ಕವರಿನ ಸಮೇತ ಲೆನ್ಸನ್ನು ಬ್ಯಾಗಿನಲ್ಲೇ ಮೂರು ವಾರ ಬಿಟ್ಟಿದ್ದೆ. ಆಮೇಲೆ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿದಾಗ ಮುಂದಿನ ಗಾಜಿನ ಅಂಚಿನಲ್ಲಿ ಜೇಡರ ನೂಲಿನಂತಹ ಬಿಳಿ ಎಳೆಗಳು ಹರಡಿದ್ದವು. ಬೂಷ್ಟು ಹಿಡಿದಿತ್ತು. ಬಿಚ್ಚಿ ಒರೆಸಿಸಲು ಕೈಬಿಟ್ಟ ಹಣದಲ್ಲಿ ಅಂತಹ ಹತ್ತು ಕವರುಗಳು ಬರುತ್ತಿದ್ದವು.

ಈಗ ಕಾಡಿನಿಂದ ಬಂದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ಪಟ್ಟಿಗಳನ್ನು ಒಂದೊಂದಾಗಿ ಕಳಚಿ, ಸಾಬೂನು ಸೋಕಿಸದೆ ಬರೀ ನೀರಿನಲ್ಲಿ ಜಾಲಿಸಿ, ಫ್ಯಾನಿನ ಕೆಳಗಿನ ಹಗ್ಗಕ್ಕೆ ಒಣಗಲು ಹಾಕುತ್ತೇನೆ. ಲೆನ್ಸಿನ ಮೈಯನ್ನು ಒಣಬಟ್ಟೆಯಿಂದ ಒರೆಸಿ, ತೇವಾಂಶ ಶೇ 40ರಿಂದ 50ರೊಳಗಿರುವ ಡ್ರೈ ಕ್ಯಾಬಿನೆಟ್ ಎಂಬ ಕಪಾಟಿನಲ್ಲಿ ಬರಿಮೈಯಲ್ಲೇ ಇಡುತ್ತೇನೆ. ಅದಕ್ಕೆ ಮತ್ತೆ ಅಂಗಿ ತೊಡಿಸುವುದು ಮುಂದಿನ ಪ್ರವಾಸದ ಬೆಳಿಗ್ಗೆಯೇ, ಅದೂ ಎಲ್ಲ ಸ್ವಿಚ್ಚುಗಳನ್ನೂ ಒಮ್ಮೆ ಕಣ್ಣಾರೆ ನೋಡಿಕೊಂಡ ಮೇಲೆ.